ಹೊತ್ತು ತಿರುಗುವ ಆಕ್ಸಿಜನ್ ಯಂತ್ರ: ಹೆಗಲ ಚೀಲವೋ, ಬೆನ್ನಿನ ಚೀಲವೋ, ರಬ್ಬರ್ ಬುಷ್ಷೋ?

ಅಪ್ಪಯ್ಯನಿಗೆ ಹೊತ್ತು ತಿರುಗುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ (ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಬಂದಾಗ ನಾವು ಯೋಚಿಸಿದ್ದು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಮಾತ್ರ. ಅದನ್ನು ಎಲ್ಲಿ, ಹೇಗೆ ಕೂರಿಸಬೇಕು ಅನ್ನುವುದು ತಲೆಗೇ ಬರಲಿಲ್ಲ. ಒಂದು ದಿನ ಬಾಡಿಗೆ ಕಾರಿನಲ್ಲಿ ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆವು. ದೇವಿಮನೆ ಘಟ್ಟದ ತಿರುವಿನಲ್ಲಿ ಸೀಟಿನ ಮೇಲಿಟ್ಟ ಯಂತ್ರ ಜಾರಿ ಕೆಳಗೆ ಬಿತ್ತು. ಕೊಳವೆ ಸಿಕ್ಕಿಸುವ ಮೂತಿ ಬಿರುಕು ಬಿಟ್ಟಿತು. ಜತೆಗೆ ಚಿಕ್ಕ ಸಿಲಿಂಡರ್ ಇದ್ದಿದ್ದರಿಂದ ಬಚಾವಾದೆವು. ಅದಕ್ಕೆ ಕೊಳವೆ ಹಾಕುವಾಗ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಎರಡು ಮಳೆಗಾಲ ಕಳೆದಿವೆ. ಐದು ಬಗೆಯ ಕಟ್ಟು ಮಾಡಿಸಿ, ಕಟ್ಟಿ, ಬಿಚ್ಚಿ ನೋಡಿದ್ದೇನೆ. ಇಂಥ ಸುದ್ದಿ ಊರಿಂದೂರಿಗೆ ಬೇಗ ಹೋಗುತ್ತದೆ. ಕಾರವಾರದಿಂದ, ಅಂಕೋಲಾದಿಂದ, ಯಲ್ಲಾಪುರದಿಂದ ಜನ ಕೇಳುತ್ತಾರೆ: ರೆಡಿ ಸಿಗುವ ಚೀಲ ಸಾಕಾ, ಹೊಲಿಸಿಕೊಳ್ಳಬೇಕಾ, ಅಲುಗಾಟ ತಡೆಯುವ ರಬ್ಬರ್ ಬುಷ್ ಹಾಕಿದರೆ ಒಳ್ಳೆಯದಾ? ಯಾರು ಹೊರುತ್ತಾರೆ, ಎಲ್ಲಿ ಓಡಾಡುತ್ತಾರೆ ಅನ್ನುವುದರ ಮೇಲೆ ಉತ್ತರ ಬೇರೆಯಾಗುತ್ತದೆ. ಯಂತ್ರದ ಒಳಗನ್ನು ಬಿಚ್ಚುವ ಮಾತು ಇಲ್ಲಿಲ್ಲ. ಎಷ್ಟು ಆಕ್ಸಿಜನ್, ಯಾವ ಸೆಟ್ಟಿಂಗ್ ಅನ್ನುವುದು ಡಾಕ್ಟರಿಗೆ ಬಿಟ್ಟಿದ್ದು. ನಾನು ಹೇಳುವುದು ಹೊರಗಿನ ಆಸರೆಯ ಬಗ್ಗೆ ಮಾತ್ರ.

ಬೀಳುವುದು ಬೇರೆ, ಅಲುಗುವುದು ಬೇರೆ

ಹೊತ್ತು ತಿರುಗುವ ಯಂತ್ರಗಳು ಹೆಚ್ಚಾಗಿ 2ರಿಂದ 4.5 ಕೆ.ಜಿ. ಇರುತ್ತವೆ. ಒಳಗೆ ಒಂದು ಪುಟ್ಟ ಕಂಪ್ರೆಸರ್. ಜತೆಗೆ ಜಿಯೋಲೈಟ್ ಎಂಬ ಹರಳು ತುಂಬಿದ ಕೊಳವೆಗಳು. ಗಾಳಿಯಲ್ಲಿರುವ ಸಾರಜನಕವನ್ನು ಆ ಹರಳು ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಮುಂದೆ ಬಿಡುತ್ತದೆ. ಯಂತ್ರ ಬಿದ್ದರೆ ಮೊದಲು ಮುರಿಯುವುದು ಹೊರಗಿನ ಮೂತಿ, ಬ್ಯಾಟರಿಯ ಕೊಂಡಿ, ಪ್ಲಾಸ್ಟಿಕ್ ಮೂಲೆ. ದಿನಾ ಅಲುಗಿದರೆ ಹಾಳಾಗುವ ಬಗೆ ಬೇರೆ. ಜೋಡಣೆಗಳು ಸಡಿಲವಾಗುತ್ತವೆ. ಹರಳು ಒಂದಕ್ಕೊಂದು ತಿಕ್ಕಿ ಪುಡಿಯಾಗುತ್ತದೆ. ಒಳಗೆ ಅದಕ್ಕೆ ತಡೆ ಇಟ್ಟಿರುತ್ತಾರೆ, ಆದರೂ ನಾವಾಗಿ ಅಲುಗಾಟ ಹೆಚ್ಚಿಸಬಾರದು, ಅಲ್ವಾ?

ಬೀಳುವುದರ ಲೆಕ್ಕ ಸುಲಭ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಸೊಂಟದ ಎತ್ತರ 90 ಸೆಂ.ಮೀ. ಅಂತಿಟ್ಟುಕೊಳ್ಳಿ. ಸಿಮೆಂಟ್ ನೆಲದ ಮೇಲೆ ಯಂತ್ರ 3 ಮಿ.ಮೀ. ಒಳಗೆ ನಿಂತರೆ ಅದರ ಮೇಲೆ ಬೀಳುವ ಪೆಟ್ಟು ಅದರ ತೂಕದ ಸುಮಾರು 300 ಪಟ್ಟು. ನಡುವೆ ಫೋಮ್ ಇದ್ದು 15 ಮಿ.ಮೀ. ತಗ್ಗಿ ನಿಂತರೆ 60 ಪಟ್ಟು. 30 ಮಿ.ಮೀ. ಸಿಕ್ಕರೆ 30 ಪಟ್ಟು. ಇದು ಸರಾಸರಿ, ಗರಿಷ್ಠ ಪೆಟ್ಟು ಇನ್ನೂ ಜಾಸ್ತಿ. 25 ಮಿ.ಮೀ. ದಪ್ಪದ ಫೋಮ್ ಪೂರ್ತಿ 25 ಮಿ.ಮೀ. ತಗ್ಗುವುದಿಲ್ಲ ಅನ್ನುವುದೂ ನೆನಪಿರಲಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಗ್ಗಿದ ಮೇಲೆ ಅದು ಗಟ್ಟಿಯಾಗಿಬಿಡುತ್ತದೆ.

ಅಲುಗುವುದರ ಲೆಕ್ಕದಲ್ಲಿ ನಾನು ಮೊದಲು ಎಡವಿದೆ. ಮೆತ್ತಗಿದ್ದಷ್ಟೂ ಒಳ್ಳೆಯದು ಅಂದುಕೊಂಡು ಒಂದು ಪೈಪಿನ ಚೌಕಟ್ಟಿನಲ್ಲಿ ಯಂತ್ರವನ್ನು ರಬ್ಬರ್ ಹಗ್ಗದಿಂದ ತೊಟ್ಟಿಲಿನ ಹಾಗೆ ತೂಗುಬಿಟ್ಟೆ. ಅಪ್ಪಯ್ಯ ಅಂಗಳದಲ್ಲಿ ಹತ್ತು ಹೆಜ್ಜೆ ಇಟ್ಟು ನಿಂತ. "ತಮಾ, ಯಂತ್ರ ಬೆನ್ನ ಮೇಲೆ ಕುಣೀತಾ ಇದ್ದು" ಅಂದ.

ಕಾರಣ ಹೀಗೆ. ಮೆತ್ತನೆಯ ಆಸರೆಯ ಮೇಲೆ ಕೂತ ಯಾವ ವಸ್ತುವಿಗೂ ತನ್ನದೇ ಒಂದು ಕುಣಿತದ ಲಯ ಇರುತ್ತದೆ. ವಸ್ತು ಇಟ್ಟಾಗ ಆಸರೆ ಎಷ್ಟು ತಗ್ಗುತ್ತದೆ ಅನ್ನುವುದರಿಂದ ಆ ಲಯ ಗೊತ್ತಾಗುತ್ತದೆ. 1 ಸೆಂ.ಮೀ. ತಗ್ಗಿದರೆ ಸೆಕೆಂಡಿಗೆ ಸುಮಾರು 5 ಸಲ. 6 ಸೆಂ.ಮೀ. ತಗ್ಗಿದರೆ ಸುಮಾರು 2 ಸಲ. 1 ಮಿ.ಮೀ. ಮಾತ್ರ ತಗ್ಗಿದರೆ ಸುಮಾರು 16 ಸಲ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ನನ್ನ ರಬ್ಬರ್ ಹಗ್ಗ ಐದಾರು ಸೆಂಟಿಮೀಟರ್ ತಗ್ಗುತ್ತಿತ್ತು. ಹೆಜ್ಜೆಯ ಲಯವೂ ಹಗ್ಗದ ಲಯವೂ ಕೂಡಿಬಿಟ್ಟವು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಏರುತ್ತಾ ಹೋಗುವ ಹಾಗೆ. ಹೊರಗಿನ ಅಲುಗಾಟ ಆಸರೆಯ ಲಯಕ್ಕಿಂತ ಸುಮಾರು 1.4 ಪಟ್ಟು ವೇಗ ದಾಟಿದ ಮೇಲಷ್ಟೇ ಆಸರೆ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಕೆಳಗೆ ಉಪಕಾರ ಇಲ್ಲ, ಲಯ ಕೂಡಿದರೆ ಅಪಕಾರ.

ಹಾಗಾಗಿ ಮೈಮೇಲೆ ಹೊರುವ ಯಂತ್ರ ಮೈಗೆ ಬಿಗಿಯಾಗಿ ಅಂಟಿರಬೇಕು. ನಮ್ಮ ಮೊಣಕಾಲು, ಸೊಂಟ, ಬೆನ್ನು ಸೇರಿ ಹೆಜ್ಜೆಯ ಪೆಟ್ಟನ್ನು ಆಗಲೇ ನುಂಗಿರುತ್ತವೆ. ಮೆತ್ತನೆಯದು ಬೇಕಿರುವುದು ಹೊರ ಮೈಗೆ, ತಳಕ್ಕೆ, ಮೂಲೆಗಳಿಗೆ. ಅಂದರೆ ಬಿದ್ದಾಗ ನೆಲ ತಾಗುವ ಕಡೆಗಳಿಗೆ.

ಯಾವ ಮಾನದಿಂದ ಅಳೆಯಬೇಕು

ಪೆಟ್ಟು ಮತ್ತು ಅಲುಗಾಟದ ಜತೆ ಇನ್ನು ಮೂರು ವಿಷಯ ನೋಡಲೇಬೇಕು. ನನ್ನ ಪ್ರಕಾರ ಹೊರುವವರ ಮೈ ಎಲ್ಲಕ್ಕಿಂತ ಮುಖ್ಯ.

ಉಸಿರಿಗೆ ಕಷ್ಟಪಡುವವರು ಕುತ್ತಿಗೆ, ಹೆಗಲಿನ ಸ್ನಾಯುಗಳನ್ನೂ ಉಸಿರೆಳೆಯಲು ಬಳಸುತ್ತಾರೆ. ಆ ಹೆಗಲಿನ ಮೇಲೇ ಮೂರು ಕಿಲೋ ತೂಗುಹಾಕಿದರೆ ಯಂತ್ರ ಕೊಟ್ಟ ಉಪಕಾರದಲ್ಲಿ ಒಂದು ಪಾಲನ್ನು ಚೀಲ ಕಿತ್ತುಕೊಂಡ ಹಾಗೆ. ಎದೆಗೆ ಅಡ್ಡಪಟ್ಟಿ ಬಿಗಿದರೆ ಎದೆ ಅರಳುವುದಿಲ್ಲ. ಹೊಟ್ಟೆಗೆ ಬೆಲ್ಟ್ ಬಿಗಿದರೆ ವಪೆ (ಎದೆ, ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯು) ಕೆಳಗಿಳಿಯುವುದಿಲ್ಲ. ತೂಕ ಕೂರಬೇಕಾದ ಜಾಗ ಸೊಂಟದ ಎಲುಬು. ಅಗ್ನಿಶಾಮಕದವರು ಹೊಗೆಯೊಳಗೆ ಹೋಗುವಾಗ ಹೊರುವ ಗಾಳಿ ಸಿಲಿಂಡರಿನ ಕಟ್ಟನ್ನು ನೋಡಿ. ಬೆನ್ನಿನ ಆಕಾರದ ಗಟ್ಟಿ ಹಲಗೆ, ಕೆಳಗೆ ಅಗಲದ ಸೊಂಟಪಟ್ಟಿ. ಭಾರದ ದೊಡ್ಡ ಪಾಲು ಸೊಂಟಕ್ಕೇ ಇಳಿಯುತ್ತದೆ.

ಎರಡನೆಯದು ಗಾಳಿ. ಯಂತ್ರ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಬಿಸಿ ಗಾಳಿ ಬಿಡುತ್ತದೆ. ಹೆಚ್ಚಿನ ಯಂತ್ರಗಳ ಕೈಪಿಡಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೇಲಿನ ಮಿತಿ. ಚೆನ್ನಾಗಿ ಪೆಟ್ಟು ತಡೆಯಲಿ ಅಂತ ಸುತ್ತಲೂ ಫೋಮ್ ಮೆತ್ತಿದರೆ ಯಂತ್ರ ಬೆವರಿ ಅಲಾರಂ ಹೊಡೆಯುತ್ತದೆ. ಗಾಳಿಯ ಕಿಂಡಿಯ ಎದುರು ಎರಡು ಬೆರಳಷ್ಟು ಜಾಗ ಬಿಟ್ಟು, ಅಲ್ಲಿ ಜಾಲರಿ ಬಟ್ಟೆ ಹಾಕಿ.

ಮೂರನೆಯದು ನಮ್ಮ ಊರಿನ ಹವೆ. ಕರಾವಳಿಯ ಉಪ್ಪು ಗಾಳಿ ಕಬ್ಬಿಣದ ಸ್ಪ್ರಿಂಗು, ಲೋಹದ ಜಿಪ್ಪು ಯಾವುದನ್ನೂ ಬಿಡುವುದಿಲ್ಲ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಯ ದಾರಕ್ಕೆ, ಬಟ್ಟೆಗೆ ಬೂಸು. ಹಾಸಿಗೆಗೆ ಹಾಕುವ ಸ್ಪಂಜ್ ನೀರು ಹೀರಿಕೊಂಡು ದಿನಗಟ್ಟಲೆ ಒಣಗುವುದಿಲ್ಲ. ಜಿಯೋಲೈಟಿಗೆ ತೇವವೇ ವೈರಿ. ಹಸಿ ಸ್ಪಂಜ್ ಯಂತ್ರಕ್ಕೆ ತಾಗಿಕೊಂಡೇ ಇರುವುದು ಒಳ್ಳೆಯದಲ್ಲ.

ಜತೆಗೆ ಬರುವ ಹೆಗಲ ಚೀಲ

ಹೆಚ್ಚಿನವರ ಬಳಿ ಇರುವುದು ಇದೇ. ಇದರ ದೊಡ್ಡ ಗುಣ ಅಂದರೆ ಗಾಳಿಯ ಕಿಂಡಿಗಳು ಸರಿಯಾದ ಜಾಗದಲ್ಲಿರುತ್ತವೆ, ಗುಂಡಿ ಒತ್ತಲು ಎಲ್ಲ ಕೈಗೆ ಸಿಗುತ್ತದೆ. ಮನೆಯೊಳಗೆ, ದೇವಸ್ಥಾನಕ್ಕೆ, ಪಕ್ಕದ ಮನೆಗೆ ಹೋಗಲು ಸಾಕು. ತಳದಲ್ಲಿ ಫೋಮ್ ತೆಳ್ಳಗೆ. ಒಂದೇ ಹೆಗಲಿಗೆ ಭಾರ. ನಡೆಯುವಾಗ ತೂಗಾಡಿ ತೊಡೆಗೆ, ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ.

ಇದನ್ನೇ ಇಟ್ಟುಕೊಳ್ಳುವುದಾದರೆ ತಳಕ್ಕೆ ಇ.ವಿ.ಎ. ಶೀಟ್ ಕೂರಿಸಿ. ಹವಾಯಿ ಚಪ್ಪಲಿಯ ಅಟ್ಟೆಯಂಥ, ನೀರು ಹೀರದ ಫೋಮ್ ಅದು. ಚಪ್ಪಲಿ ರಿಪೇರಿ ಮಾಡುವವರ ಹತ್ತಿರವೇ ಕೇಳಿ. ಸೊಂಟಕ್ಕೆ ಬರುವ ಹಾಗೆ ಇನ್ನೊಂದು ಪಟ್ಟಿ ಹೊಲಿಸಿದರೆ ತೂಗಾಟ ನಿಲ್ಲುತ್ತದೆ. ನನಗೆ ಇಷ್ಟಕ್ಕೆ 250 ರೂಪಾಯಿ ಆಯಿತು. ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಹೆಚ್ಚು ಲಾಭ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಸೊಂಟದ ಬೆಲ್ಟ್

ಎರಡೂವರೆ ಕಿಲೋ ಒಳಗಿನ ಯಂತ್ರಕ್ಕೆ ಮಾತ್ರ. ಹೆಗಲು ಪೂರ್ತಿ ಹಗುರ. ಬಿದ್ದರೂ ಎತ್ತರ ಕಡಿಮೆ. ಆದರೆ ತುಂಬ ತೆಳ್ಳಗಿನ ಹಿರಿಯರಲ್ಲಿ ಬೆಲ್ಟ್ ಜಾರುತ್ತದೆ, ಜಾರದಿರಲಿ ಅಂತ ಬಿಗಿದರೆ ಹೊಟ್ಟೆಗೆ ಒತ್ತುತ್ತದೆ. ಕುರ್ಚಿಯಲ್ಲಿ ಕೂರುವಾಗ, ಬಸ್ಸಿನ ಸೀಟಿನ ನಡುವೆ ನುಗ್ಗುವಾಗ ಬದಿಗೆ ತಾಗುತ್ತದೆ. ಪಂಚೆ ಉಡುವವರಿಗೆ ಇನ್ನೂ ಕಿರಿಕಿರಿ. ನಡೆದಾಡುವ ಶಕ್ತಿ ಚೆನ್ನಾಗಿರುವ, ಸ್ವಲ್ಪ ಮೈಯಿರುವವರಿಗೆ ಇದು ಹೊಂದಬಹುದು.

ಬೆನ್ನಿನ ಚೀಲ, ಗಟ್ಟಿ ಹಲಗೆಯೊಂದಿಗೆ

ನಾವು ಕೊನೆಗೆ ನೆಲೆ ನಿಂತಿದ್ದು ಇದರಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೈಗೆ ತಾಗುವ ಕಡೆ 4 ಮಿ.ಮೀ. ಪ್ಲಾಸ್ಟಿಕ್ ಹಲಗೆ. ಬೆನ್ನಿಗೂ ಹಲಗೆಗೂ ನಡುವೆ ತೆಳು ಜಾಲರಿ ಮೆತ್ತೆ, ಬೆವರು ಆರಲಿಕ್ಕೆ. ಯಂತ್ರವನ್ನು ಎರಡು ಅಗಲದ ನೈಲಾನ್ ಪಟ್ಟಿಯಿಂದ ಹಲಗೆಗೆ ಬಿಗಿ. ತಳದಲ್ಲಿ ಎರಡು ಪದರ ಫೋಮ್: ಕೆಳಗೆ ಗಟ್ಟಿ ಇ.ವಿ.ಎ. 15 ಮಿ.ಮೀ., ಮೇಲೆ ಸ್ವಲ್ಪ ಮೆತ್ತನೆಯದು 20 ಮಿ.ಮೀ. ಸಣ್ಣ ಪೆಟ್ಟು ಬಿದ್ದರೆ ಮೆತ್ತನೆಯದು ತಗ್ಗುತ್ತದೆ, ದೊಡ್ಡದು ಬಿದ್ದರೆ ಗಟ್ಟಿಯದು. ಒಂದೇ ಮೆತ್ತನೆಯ ಪದರ ಹಾಕಿದರೆ ಜೋರಾಗಿ ಬಿದ್ದಾಗ ಪೂರ್ತಿ ಚಪ್ಪಟೆಯಾಗಿ ಯಂತ್ರ ನೆಲಕ್ಕೇ ಬಡಿದ ಹಾಗಾಗುತ್ತದೆ. ನಾಲ್ಕು ಮೂಲೆಗೆ ಬೇರೆ ತುಂಡು. ಬದಿಗಳು ಗಾಳಿಗೆ ಬಿಟ್ಟಿದ್ದು, ಜಾಲರಿ ಮಾತ್ರ.

ಮೂತಿ ಇರುವ ಕಡೆ ಫೋಮಿನಿಂದ ಒಂದು ದಿಬ್ಬ ಮಾಡಿ, ಮೂತಿ ಅದಕ್ಕಿಂತ ಕೆಳಗಿರುವ ಹಾಗೆ ನೋಡಿಕೊಂಡೆ. ಬಿದ್ದರೆ ದಿಬ್ಬ ಮೊದಲು ನೆಲ ಮುಟ್ಟುತ್ತದೆ. ಕೊಳವೆಯನ್ನು ಹೆಗಲ ಪಟ್ಟಿಗೆ ಒಂದು ಸಡಿಲ ಕುಣಿಕೆಯಲ್ಲಿ ಹಾಯಿಸಿದ್ದೇನೆ. ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡರೆ ಎಳೆತ ಕುಣಿಕೆಗೆ ಬೀಳುತ್ತದೆ, ಮೂತಿಗಾಗಲಿ ಮೂಗಿಗಾಗಲಿ ಅಲ್ಲ.

ಶಿರಸಿಯಲ್ಲಿ ಕಾರು ಸೀಟು ಹೊಲಿಯುವ ಕುಷನ್ ವರ್ಕ್ಸ್‌ನಲ್ಲಿ ಹೊಲಿಸಿದೆ. ದಪ್ಪ ಬಟ್ಟೆ ಹೊಲಿಯುವ ಮಿಷನ್ನು, ರೆಕ್ಸಿನ್, ಫೋಮ್ ಎಲ್ಲ ಅವರಲ್ಲೇ ಇರುತ್ತದೆ. ಒಟ್ಟು 1,400 ರೂಪಾಯಿ ತಗುಲಿತು. ನೈಲಾನ್ ದಾರ, ಪ್ಲಾಸ್ಟಿಕ್ ಜಿಪ್ಪು, ಪ್ಲಾಸ್ಟಿಕ್ ಬಕಲ್ ಅಂತ ಮೊದಲೇ ಹೇಳಿ. ಅಂಟು ಹಾಕಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಹೊರಗೆ ಗಾಳಿಗಿಡಿ. ಯಂತ್ರ ಎಳೆದುಕೊಳ್ಳುವುದು ಅದೇ ಗಾಳಿಯನ್ನು.

ಕೊರತೆಯೂ ಇದೆ. ಬೆನ್ನ ಹಿಂದಿರುವ ಯಂತ್ರದ ಪರದೆ ಹೊತ್ತವರಿಗೆ ಕಾಣುವುದಿಲ್ಲ. ಬ್ಯಾಟರಿ ಬದಲಿಸಲು ಇನ್ನೊಬ್ಬರು ಬೇಕು. ಒಬ್ಬರೇ ಓಡಾಡುವವರಾದರೆ ಇದನ್ನು ಯೋಚಿಸಿ. ಕೈ ಹಿಂದಕ್ಕೆ ತಿರುಗದ, ಹೆಗಲು ಹಿಡಿದ ಹಿರಿಯರಿಗೆ ಹಾಕಿಕೊಳ್ಳುವುದೇ ಒಂದು ಕೆಲಸ.

ರಬ್ಬರ್ ಬುಷ್, ಜೆಲ್, ಉಕ್ಕಿನ ಹಗ್ಗ

ಎಂಜಿನಿಯರಿಂಗ್ ಓದಿದ ಹುಡುಗರು ಮೊದಲು ಹೇಳುವುದು ಇದನ್ನೇ. ಎರಡು ಕಡೆ ಬೋಲ್ಟ್ ಇರುವ ರಬ್ಬರ್ ಬುಷ್ ನಾಲ್ಕು ಹಾಕಿ ಹಲಗೆಯ ಮೇಲೆ ಯಂತ್ರ ಕೂರಿಸುವುದು. ನೋಡಲು ಅಚ್ಚುಕಟ್ಟು. ಆದರೆ ಅಂಗಡಿಯಲ್ಲಿ ಸಿಗುವ ಬುಷ್‌ಗಳು ಹೆಚ್ಚಾಗಿ ಪಂಪು, ಜನರೇಟರಿನಂಥ ಭಾರಕ್ಕೆ ಮಾಡಿದವು. ಮೂರು ಕಿಲೋ ಕೂರಿಸಿದರೆ ಒಂದು ಮಿ.ಮೀ. ಕೂಡ ತಗ್ಗುವುದಿಲ್ಲ. ಅಂದರೆ ಲಯ 16ಕ್ಕಿಂತ ಮೇಲೆ. ಕಾರಿನ ಚಕ್ರ ಹೊಂಡದಲ್ಲಿ ಕುಣಿಯುವುದು ಸೆಕೆಂಡಿಗೆ 10ರಿಂದ 15 ಸಲ. ಎರಡೂ ಹತ್ತಿರ ಬಂದು ಅಲುಗಾಟ ಕಡಿಮೆಯಾಗುವ ಬದಲು ಹೆಚ್ಚಬಹುದು. ಬುಷ್ ಹಾಕುವುದೇ ಆದರೆ ಭಾರ ಅದರ ಮೇಲೆ ಅಡ್ಡಕ್ಕೆ ಬೀಳುವ ಹಾಗೆ ಹಾಕಿ. ರಬ್ಬರ್ ಆ ದಿಕ್ಕಿಗೆ ಹೆಚ್ಚು ಮೆತ್ತಗೆ. ಭಾರ ಬುಷ್ಷಿನಿಂದ ನೇತಾಡುವ ಹಾಗೆ ಮಾತ್ರ ಬೇಡ, ರಬ್ಬರ್ ಲೋಹದಿಂದ ಕಿತ್ತು ಬರುತ್ತದೆ. ಕಿತ್ತರೂ ಯಂತ್ರ ಬೀಳದಿರಲು ಒಂದು ಪಟ್ಟಿ ಇರಲೇಬೇಕು.

ಜೆಲ್ ಪ್ಯಾಡ್ ಪೆಟ್ಟಿನ ಶಕ್ತಿಯನ್ನು ನುಂಗುತ್ತದೆ, ಕುಣಿತ ಬೇಗ ನಿಲ್ಲುತ್ತದೆ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಮೂಲೆಗಳಿಗೆ ಚಿಕ್ಕ ತುಂಡು ಹಾಕಲು ಒಳ್ಳೆಯದು. ಸುತ್ತಿದ ಉಕ್ಕಿನ ಹಗ್ಗದ ಐಸೊಲೇಟರ್‌ಗಳನ್ನು (ಅಲುಗಾಟ ತಡೆಯುವ ಆಸರೆಗಳನ್ನು) ಹಡಗುಗಳಲ್ಲಿ ಉಪಕರಣ ಕೂರಿಸಲು ಬಳಸುತ್ತಾರೆ. ಪೆಟ್ಟು, ಅಲುಗಾಟ ಎರಡಕ್ಕೂ ಅದು ಸಮರ್ಥ. ಮೈಮೇಲೆ ಹೊರಲು ಅದು ಬೇಡ. ದಿನಾ ಗಾಡಿಯಲ್ಲಿ ಓಡಾಡುವವರು ಗಾಡಿಯಲ್ಲೇ ಒಂದು ತೊಟ್ಟಿಲು ಮಾಡಿಸುವುದಾದರೆ, ಯಂತ್ರ ಇಟ್ಟಾಗ ಸುಮಾರು 1 ಸೆಂ.ಮೀ. ತಗ್ಗುವಷ್ಟು ಚಿಕ್ಕದನ್ನು ಆರಿಸಿ. ಕಾರವಾರದ ಕಡೆಯವರು 304 ಬಿಟ್ಟು 316 ದರ್ಜೆಯ ಸ್ಟೇನ್‌ಲೆಸ್ ಕೇಳಿ. ಉಪ್ಪಿಗೆ ಅದು ಹೆಚ್ಚು ತಡೆಯುತ್ತದೆ.

ಘಟ್ಟದ ರಸ್ತೆ, ಬಸ್ಸು, ಬಾರ್ಜು

ಕಾರಿಗೆ ಬೇರೆ ಮೌಂಟ್ (ಯಂತ್ರ ಕೂರಿಸುವ ಆಸರೆ) ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಹೆಚ್ಚಿನವರಿಗೆ ಬೇಡ. ಕಾರಿನ ಸೀಟೇ ದಪ್ಪ ಫೋಮು. ಬೆನ್ನಿನ ಚೀಲವನ್ನು ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ಅದರ ಪಟ್ಟಿಗಳೊಳಗಿಂದ ಸೀಟ್ ಬೆಲ್ಟ್ ಹಾಯಿಸಿ ಬಿಗಿಯಿರಿ. ದೇವಿಮನೆಯಾಗಲಿ, ಅರಬೈಲ್ ಆಗಲಿ, ಅಣಶಿಯಾಗಲಿ, ತಿರುವಿನಲ್ಲಿ ಅಡ್ಡಕ್ಕೆ ಜಾರುವುದೇ ದೊಡ್ಡ ಅಪಾಯ. ಅದಕ್ಕೆ ಬೆಲ್ಟ್ ಬೇಕು, ಸ್ಪ್ರಿಂಗ್ ಏನೂ ಮಾಡಲಾರದು. ಡಿಕ್ಕಿಯಲ್ಲಿ ಇಡಬೇಡಿ. ಗಾಳಿಯಿಲ್ಲ, ಬಿಸಿ ಬೇರೆ. ಬಿಸಿಗೆ ಇ.ವಿ.ಎ. ಕೂಡ ಮೆತ್ತಗಾಗಿ ಆಕಾರ ಕೆಡುತ್ತದೆ.

ಸರ್ಕಾರಿ ಬಸ್ಸಿನಲ್ಲಿ ಮುಂದಿನ ಅರ್ಧದಲ್ಲಿ ಸೀಟು ಹಿಡಿಯಿರಿ, ಹಿಂದಿನ ಚಕ್ರದ ಆಚೆಯ ಸೀಟು ಹೆಚ್ಚು ಎಗರುತ್ತದೆ. ಯಂತ್ರ ತೊಡೆಯ ಮೇಲಿರಲಿ, ಕಾಲಡಿ ಬೇಡ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಡುವವರನ್ನು ನೋಡಿದ್ದೇನೆ. ಎಂಜಿನ್ನಿನ ನಡುಕ ನೇರ ಯಂತ್ರಕ್ಕೆ ಹೋಗುತ್ತದೆ. ಹಿಂದೆ ಕೂತವರ ಬೆನ್ನ ಮೇಲಿದ್ದರೆ ಎಷ್ಟೋ ವಾಸಿ.

ತದಡಿಯಿಂದ ಅಘನಾಶಿನಿಗೆ ಬಾರ್ಜಿನಲ್ಲಿ ದಾಟುವಾಗ, ದೋಣಿ ಹತ್ತುವಾಗ ಸೊಂಟದ ಬಕಲ್ ಬಿಚ್ಚಿಟ್ಟುಕೊಳ್ಳಿ. ನೀರಿಗೆ ಬಿದ್ದರೆ ಒಂದೇ ಸಲಕ್ಕೆ ಕಳಚಿಹೋಗಬೇಕು. ಈ ಒಂದು ಕಡೆ ಯಂತ್ರ ಹೋದರೂ ಹೋಗಲಿ.

ಚಿಕ್ಕ ಸಿಲಿಂಡರ್ ಹೊರುವವರಿಗೆ

ಪೆಟ್ಟು ಬಿದ್ದರೆ ಸಿಲಿಂಡರಿನ ಮೈ ಸುಲಭದಲ್ಲಿ ಬಗ್ಗುವುದಿಲ್ಲ. ಜೀವ ಇರುವುದು ಮೇಲಿನ ವಾಲ್ವ್ ಮತ್ತು ರೆಗ್ಯುಲೇಟರಿನಲ್ಲಿ. ವಾಲ್ವ್ ಮುರಿದರೆ ಒಳಗಿನ ಒತ್ತಡಕ್ಕೆ ಸಿಲಿಂಡರ್ ಬಾಣದ ಹಾಗೆ ಹಾರುತ್ತದೆ. ಹಾಗಾಗಿ ಇಲ್ಲಿ ಫೋಮಿಗಿಂತ ವಾಲ್ವ್ ಸುತ್ತ ಗಟ್ಟಿ ಬಳೆಯಂಥ ಕಾವಲು ಮುಖ್ಯ. ಕಟ್ಟುವುದು ಸಿಲಿಂಡರಿನ ಮೈಗೆ, ಎರಡು ಕಡೆ. ರೆಗ್ಯುಲೇಟರಿಗೆ ಎಂದೂ ಹಗ್ಗ ಕಟ್ಟಬೇಡಿ.

1.7 ಲೀಟರ್ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ಸುಮಾರು 255 ಲೀಟರ್ ಆಕ್ಸಿಜನ್. ನಿಮಿಷಕ್ಕೆ 2 ಲೀಟರ್ ಹರಿದರೆ ಎರಡು ತಾಸು. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಹೋಗಲು ಸಾಕಾಗಬಹುದು, ಗುಡ್ಡ ಕುಸಿದು ರಸ್ತೆ ನಿಂತರೆ ಸಾಲದು. ಬ್ಯಾಟರಿಯ ಚಿಂತೆಯಿಲ್ಲ, ಅಲುಗಾಟಕ್ಕೆ ಹೆದರುವುದಿಲ್ಲ. ದುಡ್ಡು ಕಡಿಮೆ ಇರುವ ಮನೆಗೆ ಇದೇ ದಾರಿ.

ವಾಲ್ವಿನ ಹತ್ತಿರ ಎಣ್ಣೆ, ಗ್ರೀಸು, ವ್ಯಾಸಲಿನ್ ಸೋಕಬಾರದು, ಹೊತ್ತಿಕೊಳ್ಳುತ್ತದೆ. ಬೈಕ್ ರಿಪೇರಿ ಮಾಡಿದ ಕೈಯಲ್ಲಿ ಮುಟ್ಟಬೇಡಿ. ಸೋರಿದ ಆಕ್ಸಿಜನ್ ಚೀಲದ ಬಟ್ಟೆಯಲ್ಲಿ ತುಂಬಿಕೊಳ್ಳುತ್ತದೆ. ಬಚ್ಚಲ ಒಲೆ, ದೇವರ ದೀಪ, ಬೀಡಿ ಇವುಗಳಿಂದ ಕನಿಷ್ಠ 3 ಮೀಟರ್ ದೂರ. ಇದು ಯಂತ್ರಕ್ಕೂ ಅನ್ವಯ.

ದುಡ್ಡು ಸುರಿಯುವ ಮೊದಲು

ಯಂತ್ರದಷ್ಟೇ ಗಾತ್ರದ ಡಬ್ಬಿಗೆ ಮರಳು ತುಂಬಿ ಅಷ್ಟೇ ತೂಕ ಮಾಡಿ. ಅದರೊಳಗೆ ಸೀಮೆಸುಣ್ಣದ ನಾಲ್ಕು ಕಡ್ಡಿ ನೆಟ್ಟಗೆ ಹುಗಿಯಿರಿ. ಚೀಲದಲ್ಲಿ ಕೂರಿಸಿ ಸೊಂಟದ ಎತ್ತರದಿಂದ ತಳಕ್ಕೆ, ಮೂಲೆಗೆ, ಬದಿಗೆ ಬೀಳಿಸಿ. ಕಡ್ಡಿ ಎಷ್ಟು ಮುರಿದವು ನೋಡಿ, ಬೇರೆ ಚೀಲದಲ್ಲಿ ಮತ್ತೆ ಬೀಳಿಸಿ. ಇದು ಲ್ಯಾಬಿನ ಪರೀಕ್ಷೆಯಲ್ಲ, ಯಾವುದು ಯಾವುದಕ್ಕಿಂತ ಮೇಲು ಅಂತ ಮಾತ್ರ ತಿಳಿಯುತ್ತದೆ. ಅಲುಗಾಟಕ್ಕೆ ಫೋನಿನ ಕಂಪನ ಅಳೆಯುವ ಆ್ಯಪ್ ಸಾಕು. ಫೋನನ್ನು ಡಬ್ಬಿಗೆ ಕಟ್ಟಿ ನಡೆಯಿರಿ. ಬೀಳುವ ಪೆಟ್ಟನ್ನು ಫೋನ್ ಪೂರ್ತಿ ಅಳೆಯಲಾರದು, ಸುಮ್ನೆ ಫೋನ್ ಒಡೆದುಕೊಳ್ಳಬೇಡಿ. ಆಮೇಲೆ ನಿಜವಾದ ಯಂತ್ರ ಹಾಕಿ ಅರ್ಧ ತಾಸು ಓಡಿಸಿ, ಬಿಸಿಯ ಅಲಾರಂ ಬರುತ್ತದಾ ನೋಡಿ.

ಮನೆಯ ಸುತ್ತಮುತ್ತ ಮಾತ್ರ ಓಡಾಟ, ಹೆಗಲು ಗಟ್ಟಿಯಿದೆ ಅಂದರೆ ಜತೆಗೆ ಬಂದ ಚೀಲಕ್ಕೆ ತಳ ಹಾಕಿಸಿ, ಉಳಿದ ದುಡ್ಡಿಗೆ ಇನ್ನೊಂದು ಬ್ಯಾಟರಿಯ ಲೆಕ್ಕ ಶುರುಮಾಡಿ. ತಿಂಗಳಿಗೊಮ್ಮೆ ಹುಬ್ಬಳ್ಳಿಗೋ ಕಾರವಾರಕ್ಕೋ ಆಸ್ಪತ್ರೆಗೆ ಹೋಗುವವರು, ಜತೆಗೆ ಒಬ್ಬರು ಇರುತ್ತಾರೆ ಅಂದರೆ ಬೆನ್ನಿನ ಚೀಲ. ಒಬ್ಬರೇ ಓಡಾಡುವ, ಮೈಯಲ್ಲಿ ಕಸುವಿರುವವರು ಬೆಲ್ಟ್ ಹಾಕಿ ನೋಡಿ. ಹೊರಲು ಶಕ್ತಿಯೇ ಇಲ್ಲದವರಿಗೆ ಯಾವ ಮೌಂಟೂ ಬೇಡ, ಇನ್ನೊಬ್ಬರು ಹೊತ್ತು ಪಕ್ಕದಲ್ಲಿ ನಡೆಯಲಿ, ಕೊಳವೆ ಮಾತ್ರ ಉದ್ದದ್ದು ಇರಲಿ. ಎಷ್ಟು ಉದ್ದ ನಡೆಯುತ್ತದೆ ಅಂತ ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತದೆ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಚೀಲ ಬಿಚ್ಚಿ ಫೋಮ್ ಹೊರತೆಗೆಯಿರಿ. ಹೆಬ್ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಗುಳಿ ಮೇಲೆ ಬಾರದೆ ಹಾಗೇ ಉಳಿದರೆ ಆ ತುಂಡು ಬದಲಿಸಿ.